ಏಳನೇ ನಂಬರಿನ ರೈಫಲ್ಲಿಗೆ ಬಿದ್ದ ಕಟ್ಟು

ಮದುವೆಮನೆಯಲ್ಲಿ ಪಂಕ್ತಿಗೆ ಕೂತಿರಲಿ, ರಿಪ್ಪನ್‌ಪೇಟೆಯ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿರಲಿ, ನನ್ನ ಗುರುತು ಹಿಡಿದವರು ಕೇಳುವ ಪ್ರಶ್ನೆ ಒಂದೇ: "ಈರಪ್ಪ ಮೇಷ್ಟ್ರೇ, ಯಾವ ರೈಫಲ್ ಚಲೋದು?" ಅವರಿಗೆ ಬೇಕಾದದ್ದು ಒಂದು ಹೆಸರು. ಇಂಥ ದೇಶದ್ದು, ಇಂಥ ಕಂಪನಿಯದ್ದು ಎಂದುಬಿಟ್ಟರೆ ಖುಷಿಯಾಗಿ ಹೋಗುತ್ತಾರೆ. ನಾನು "ಯಾರ ಕೈಯಲ್ಲಿ?" ಎಂದು ಕೇಳುತ್ತೇನೆ. ಅಲ್ಲಿಗೆ ಮಾತು ಮುಗಿಯಿತು. ಅವರು ಪಕ್ಕದವರ ಹತ್ತಿರ ಅಡಿಕೆ ಧಾರಣೆ ವಿಚಾರಿಸಲು ತಿರುಗುತ್ತಾರೆ.

ನಾನು ಪೊಲೀಸ್ ಇಲಾಖೆಯ ಸಶಸ್ತ್ರ ಪಡೆಯಲ್ಲಿ ಬಂದೂಕು ಕಲಿಸುವ ಕೆಲಸ ಮಾಡಿ ನಿವೃತ್ತನಾದವನು. ಕಳ್ಳರನ್ನು ಅಟ್ಟಿಸಿಕೊಂಡು ಹೋದ ಕಥೆ ನನ್ನ ಹತ್ತಿರ ಒಂದೂ ಇಲ್ಲ. ನನ್ನ ಆಯುಷ್ಯವೆಲ್ಲ ನೆಲಕ್ಕೆ ಮಲಗಿದವರ ಮೊಣಕೈ ಸರಿಮಾಡುವುದರಲ್ಲಿ, ಎಣ್ಣೆ ಬಟ್ಟೆಯಿಂದ ನಳಿಗೆ ಒರೆಸುವುದರಲ್ಲಿ ಕಳೆಯಿತು. ಖಾಕಿ ಹಾಕಿದ್ದರೂ ಜನ ನನ್ನನ್ನು ಮೇಷ್ಟ್ರು ಎಂದೇ ಕರೆದರು. ಬಡ್ತಿ ಯಾವಾಗ ಬಂತು, ತೋಳಿನ ಪಟ್ಟಿ ಎಷ್ಟಾಯಿತು ಎಂಬುದೆಲ್ಲ ಇಲ್ಲಿ ಬೇಡ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರುವುದನ್ನು ಮಾತ್ರ ಹೇಳುತ್ತೇನೆ.

ನನಗೆ ಕಲಿಸಿದವರನ್ನು ನಾವು ಉಸ್ತಾದ್ ಎನ್ನುತ್ತಿದ್ದೆವು. ದಪ್ಪ ಮೀಸೆ, ಸಣ್ಣ ಸ್ವರ. ತರಬೇತಿಯ ಮೊದಲ ದಿನಗಳಲ್ಲಿ ಅವರು ಗುಂಡನ್ನೇ ಕೊಡಲಿಲ್ಲ. ಖಾಲಿ ರೈಫಲ್ಲಿನ ನಳಿಗೆಯ ಮೇಲೆ ಎಂಟಾಣೆ ಇಟ್ಟು, ಅದು ಬೀಳದ ಹಾಗೆ ಕುದುರೆ ಒತ್ತಬೇಕು. ಕುದುರೆ ಎಂದರೆ ಟ್ರಿಗರ್. ನಾವು ಒತ್ತಿದಾಗಲೆಲ್ಲ ಎಂಟಾಣೆ ಟಿಣ್ ಎಂದು ಉರುಳುತ್ತಿತ್ತು. "ನೀವು ಕುದುರೆ ಎಳೀತಿಲ್ಲ, ಹಸುವಿನ ಹಗ್ಗ ಜಗ್ತಿದೀರಿ" ಎಂದು ಬೈಯುತ್ತಿದ್ದರು.

ಕೊನೆಗೂ ಗುಂಡು ಕೈಗೆ ಬಂದ ದಿನ ನಾನು ಹೊಡೆದದ್ದು ಹಲಗೆಯ ನಾಲ್ಕು ಮೂಲೆಗೂ ಹಂಚಿಹೋಯಿತು. ಮರ್ಯಾದೆ ಹೋಯಿತಲ್ಲ ಎಂದು "ಉಸ್ತಾದ್, ಈ ರೈಫಲ್ ಸರಿಯಿಲ್ಲ" ಎಂದೆ. ಅವರು ಮಲಗಿ ಅದರಲ್ಲೇ ಐದು ಗುಂಡು ಹೊಡೆದರು. ಐದೂ ನಡುವಿನ ಕರಿ ಬೊಟ್ಟಿನೊಳಗೆ ಹೋದವು. ಎದ್ದು ಮಣ್ಣು ಕೊಡವಿಕೊಂಡು ಹೇಳಿದರು: "ರೈಫಲ್ ಬೈಯೋಕೆ ಮುಂಚೆ ಹೊಡೆಯೋರನ್ನ ಬದಲಾಯಿಸಿ ನೋಡು. ಎಲ್ಲರ ಕೈಯಲ್ಲೂ ಸೊಟ್ಟ ಹೋದ್ರೆ ತಪ್ಪು ರೈಫಲ್ಲಿಂದು. ನಿನ್ನ ಕೈಯಲ್ಲಿ ಮಾತ್ರ ಸೊಟ್ಟ ಹೋದ್ರೆ ನಿಂದು." ಆಮೇಲೆ ಅದೇ ರೈಫಲ್ಲನ್ನು ತಲೆಯ ಮೇಲೆ ಹಿಡಿಸಿ ಮೈದಾನ ಸುತ್ತಿಸಿದರು. ಆ ಪಾಠ ನನ್ನ ತೋಳಿಗೆ ಚೆನ್ನಾಗಿ ಹತ್ತಿತು.

ನಾನು ಸೇರಿದಾಗ ಇದ್ದದ್ದು ತ್ರೀನಾಟ್‌ತ್ರೀ. ಕತ್ತೆ ಒದ್ದ ಹಾಗೆ ಭುಜಕ್ಕೆ ಒದೆಯುತ್ತಿತ್ತು. ಆದರೆ ಗುಂಡು ತುಂಬಲು ಎಳೆಯುವ ಬೆಣ್ಣೆಯಂಥ ಬೋಲ್ಟು, ನೆಟ್ಟಗಿನ ಗುಂಡು. ಆಮೇಲೆ ತಾನೇ ತುಂಬಿಕೊಳ್ಳುವ ರೈಫಲ್ಲುಗಳು ಬಂದವು, ಅದಾದ ಮೇಲೆ ಹಗುರವಾದ ಇನ್ಸಾಸ್ ಬಂತು. ಪ್ರತಿ ಸಲವೂ "ಇನ್ನು ಎಲ್ಲರೂ ಗುರಿಕಾರರೇ" ಎಂದು ಮೇಲಿನವರು ಭಾಷಣ ಮಾಡಿದರು. ಪ್ರತಿ ಸಲವೂ ಮೊದಲು ಚೆನ್ನಾಗಿ ಹೊಡೆಯುತ್ತಿದ್ದವರೇ ಹೊಸದರಲ್ಲೂ ಚೆನ್ನಾಗಿ ಹೊಡೆದರು. ಈಗ ಕೆಲವು ಕಡೆ ಗುಂಡು ಎಲ್ಲಿ ಬಿತ್ತೆಂದು ಪಕ್ಕದ ಪರದೆಯಲ್ಲೇ ಕಾಣುತ್ತದೆ. ಒಳ್ಳೆಯದೇ. ಆದರೆ ಈಗಿನ ಹುಡುಗರು ಗುಂಡು ನಳಿಗೆ ಬಿಡುವ ಮೊದಲೇ ಪರದೆಯ ಕಡೆ ತಲೆ ಎತ್ತುತ್ತಾರೆ. ತಲೆ ಎತ್ತಿದರೆ ಗುಂಡು ಕೆಟ್ಟಿತು. ಹೊಡೆದ ಮೇಲೂ ಒಂದು ಉಸಿರಿನಷ್ಟು ಹೊತ್ತು ಹಾಗೇ ಬಿದ್ದಿರಿ. ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಇನ್ನು ನಮ್ಮ ಕಡೆಯ ಕೋವಿಗಳ ವಿಷಯ. ಮಂಗ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ಇಲ್ಲಿ ಮನೆಮನೆಗೂ ಲೈಸೆನ್ಸಿನ ಕೋವಿ ಉಂಟು. ಚುನಾವಣೆ ಬಂತೆಂದರೆ ಅವೆಲ್ಲ ಠಾಣೆಗೆ ಬಂದು ಕೂರುತ್ತವೆ. ಅವುಗಳನ್ನು ಪರೀಕ್ಷಿಸಿ ಇಟ್ಟುಕೊಳ್ಳಲು ನನ್ನನ್ನು ಒಮ್ಮೆ ಹೊಸನಗರಕ್ಕೆ ಕಳಿಸಿದ್ದರು. ಒಬ್ಬ ಹಿರಿಯ ಗೌಡರು ತಮ್ಮ ಕೋವಿಯನ್ನು ಮೇಜಿನ ಮೇಲೆ ಇಟ್ಟವರೇ ನಿಟ್ಟುಸಿರು ಬಿಟ್ಟರು.

"ಇದನ್ನ ನೀವೇ ಇಟ್ಕಳ್ಳಿ ಮಾರಾಯ್ರೆ. ಇದಕ್ಕೆ ಕಟ್ಟು ಹಾಕ್ಯಾರೆ. ಈಡು ಹಾರೋದೇ ಇಲ್ಲ."

ಕಟ್ಟು ಎಂದರೆ ಮಂತ್ರದಿಂದ ಕೋವಿಯ ಬಾಯಿ ಕಟ್ಟುವುದು. ಆಗದವರು ಯಾರೋ ಕಟ್ಟಿಸುತ್ತಾರೆ, ಆಮೇಲೆ ಎದುರಿಗೆ ಹಂದಿ ನಿಂತರೂ ಈಡು ಹಾರುವುದಿಲ್ಲ, ಹಾರಿದರೂ ಗುರಿ ತಪ್ಪುತ್ತದೆ ಎಂಬುದು ನಮ್ಮ ಕಡೆಯವರ ನಂಬಿಕೆ. ಗೌಡರ ಅನುಮಾನ ಪಕ್ಕದ ಮನೆಯವರ ಮೇಲೆ. ನಾನು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಆಚೆ ಬದಿ ಕಾಣಲಿಲ್ಲ. ಕಡ್ಡಿ ಹಾಕಿ ತಿವಿದರೆ ಒಣ ಮಣ್ಣು ಉದುರಿತು. ಮದ್ದು ಬುಡಕ್ಕೆ ಇಳಿಯದ ಹಾಗೆ ಕಣಜ ಒಳಗೆ ಸಂಸಾರ ಹೂಡಿ ಹೋಗಿತ್ತು. "ಗೌಡ್ರೇ, ಕಟ್ಟಿದ್ದು ಹೌದು. ಆದ್ರೆ ಕಟ್ಟಿದ್ದು ಪಕ್ಕದ ಮನೆಯವ್ರಲ್ಲ, ಕಣಜ. ಗೂಡು ಕಟ್ಟಿದೆ ನೋಡಿ" ಎಂದೆ. ಠಾಣೆಗೆ ಠಾಣೆಯೇ ನಕ್ಕಿತು. ನನಗೆ ಮಾತ್ರ ಬೆನ್ನಲ್ಲಿ ಬೆವರು. ಹೇಗಾದರೂ ಈಡು ಹಾರಿದ್ದರೆ ನಳಿಗೆ ಸಿಡಿದು ಗೌಡರ ಮುಖವೇ ಹೋಗುತ್ತಿತ್ತು. ಕೋವಿ ಕೈಗೆ ಬಂದ ಕೂಡಲೇ ಮೊದಲು ನಳಿಗೆಯೊಳಗೆ ನೋಡಬೇಕೆನ್ನುವುದು ಇದಕ್ಕೇ.

ನನ್ನ ವೃತ್ತಿಯಲ್ಲಿ ನಾನು ತೀರಾ ಹೆಮ್ಮೆಪಡುವ ದಿನಕ್ಕೂ ಈ ಕಟ್ಟಿಗೂ ಸಂಬಂಧ ಉಂಟು. ಅದು ನಾಗರಿಕರಿಗೆ ನಡೆಸಿದ ಒಂದು ರೈಫಲ್ ಶಿಬಿರದ ಕಥೆ.

ಸಾಗರದ ಹೊರಗೆ, ಗುಡ್ಡ ಕಡಿದ ದರೆಯೇ ಗುಂಡು ತಡೆಯುವ ಹಿಂದಿನ ಗೋಡೆಯಾಗಿದ್ದ ಬಯಲಿನಲ್ಲಿ ಶಿಬಿರ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರು ಬಂದಿದ್ದರು. ಸಾಗರದವರು ಗುಂಡು ಹೊಡೆಯುವ ಮೊದಲು ರೈಫಲ್ಲಿನ ಜಾತಕ ಕೇಳುತ್ತಾರೆ. ತೀರ್ಥಹಳ್ಳಿಯವರು ಹೊಡೆದ ಮೇಲೆ ಅಂಕದ ಬಗ್ಗೆ ವಾದಕ್ಕೆ ನಿಲ್ಲುತ್ತಾರೆ. ಹೊಸನಗರದವರು ಮಾತಾಡುವುದಿಲ್ಲ, ಮನೆಗೆ ಹೋಗಿ ಬೇಜಾರು ಮಾಡಿಕೊಳ್ಳುತ್ತಾರೆ. ನಾನೂ ಹೊಸನಗರ ತಾಲ್ಲೂಕಿನವನೇ, ಆದ್ದರಿಂದ ಹೇಳಬಹುದು. ಶಿಬಿರದ ಕೊನೆಗೆ ಒಂದು ಪಂದ್ಯ. ಅದರಲ್ಲಿ ಮೊದಲು ಬಂದ ಒಬ್ಬರಿಗೆ ಬೆಂಗಳೂರಿನ ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗುವ ಅವಕಾಶ. ಇಲಾಖೆಯ ರೈಫಲ್ಲಿನಲ್ಲೂ ಹೊಡೆಯಬಹುದು, ಲೈಸೆನ್ಸ್ ಇದ್ದರೆ ಸ್ವಂತದ್ದೂ ತರಬಹುದು.

ಬಂದವರಲ್ಲಿ ಪದ್ಮಲತಾ ಎಂಬ ಹೆಣ್ಣುಮಗಳಿದ್ದಳು. ರಿಪ್ಪನ್‌ಪೇಟೆಯ ಬಟ್ಟೆ ವ್ಯಾಪಾರಿ ಧರಣೇಂದ್ರಯ್ಯನವರ ಸೊಸೆ. ಅಂಗಡಿಯಲ್ಲಿ ಥಾನಿನಿಂದ ಬಟ್ಟೆ ಕತ್ತರಿಸುವ ಕೆಲಸ ಅವಳದೇ. ಉಸಿರು ಹಿಡಿಯುವ ಪಾಠ ಶುರುಮಾಡಿದರೆ, "ಇದು ಗೊತ್ತು ಸರ್. ಕತ್ತರಿ ಓಡಿಸುವಾಗ ಉಸಿರು ಅರ್ಧ ಬಿಟ್ಟು ನಿಲ್ಲಿಸ್ತೀನಿ. ಇಲ್ದಿದ್ರೆ ಗೆರೆ ಸೊಟ್ಟ ಹೋಗುತ್ತೆ" ಎಂದಳು. ನಾನು ತಿಂಗಳುಗಟ್ಟಲೆ ಬೈದು ಕಲಿಸುವುದನ್ನು ಆ ಹುಡುಗಿ ಅಂಗಡಿಯಿಂದಲೇ ಕಲಿತು ಬಂದಿದ್ದಳು. ಮೂರನೇ ದಿನಕ್ಕೆ ಅವಳ ಹತ್ತು ಗುಂಡಿನ ತೂತುಗಳ ಮೇಲೆ ಒಂದು ಗೋಟಡಿಕೆ, ಎಂದರೆ ಇಡೀ ಅಡಿಕೆ, ಇಟ್ಟರೆ ಎಲ್ಲವೂ ಮುಚ್ಚುತ್ತಿದ್ದವು. ಅವಳಿಗೆ ಹೊಂದಿದ್ದು ಏಳನೇ ನಂಬರಿನ ರೈಫಲ್. ಮರದ ಹಿಡಿಯ, ಸಣ್ಣ ಗುಂಡಿನ ಹಳೆಯ ಪಾಯಿಂಟ್ ಟೂ ಟೂ.

ಅವಳ ಮನೆಯ ಪರಿಸ್ಥಿತಿ ಬೇರೆ ಇತ್ತು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ. ಕತ್ತಲಲ್ಲಿ ಉಂಡರೆ ಹುಳು ಬಾಯಿಗೆ ಬಿದ್ದೀತು ಎಂದು ಹೆದರುವವರು. ಆ ಮನೆಯ ಸೊಸೆ ಬಂದೂಕು ಹಿಡಿಯುತ್ತೇನೆ ಎಂದರೆ! "ಮಾವ, ನಾನು ಹೊಡೆಯೋದು ಕಾಗದಕ್ಕೆ. ಕಾಗದಕ್ಕೆ ಜೀವ ಇಲ್ಲ" ಎಂದು ಅವಳು ವಾದಿಸಿದ್ದಳಂತೆ. ಧರಣೇಂದ್ರಯ್ಯ ಮೂರು ದಿನ ಯೋಚಿಸಿ ಒಂದು ಷರತ್ತು ಹಾಕಿದರು. "ಒಂದೇ ಸಲ. ಆ ಪಂದ್ಯದಲ್ಲಿ ಗೆದ್ರೆ ಅದು ನಿನ್ನ ಯೋಗ್ಯತೆ, ಮುಂದುವರ್ಸು. ಸೋತ್ರೆ ಮತ್ತೆ ಆ ಸಾಮಾನು ಮುಟ್ಟಬಾರ್ದು." ಅವಳು ಒಪ್ಪಿಕೊಂಡಿದ್ದಳು. ಶಿಬಿರದಲ್ಲಿ ಎಲ್ಲರೂ ಬಹುಮಾನಕ್ಕೆ ಹೊಡೆಯುತ್ತಿದ್ದರೆ ಅವಳು ಹೊಡೆಯುತ್ತಿದ್ದದ್ದು ನಾಳೆಯೂ ಹೊಡೆಯಲು.

ಇನ್ನೊಬ್ಬರು ತಾಳಗುಪ್ಪದ ಕಡೆಯ ಸುಬ್ರಾಯ ಭಟ್ಟರು. ಅವರ ಹತ್ತಿರ ಒಂದು ಜರ್ಮನ್ ರೈಫಲ್ ಇತ್ತು. ಅದನ್ನು ಶಾಲಿನಲ್ಲಿ ಸುತ್ತಿ ಕೂಸು ಎತ್ತಿಕೊಂಡ ಹಾಗೆ ತರುತ್ತಿದ್ದರು. ನಿಜ ಹೇಳಬೇಕು, ಅಂಥ ರೈಫಲ್ಲನ್ನು ನಾನು ನನ್ನ ಸರ್ವೀಸಿನಲ್ಲೇ ಮುಟ್ಟಿರಲಿಲ್ಲ. ಭಟ್ಟರು ಒಳ್ಳೆಯವರು, ಎಲ್ಲರಿಗೂ ಮನೆಯಿಂದ ತೊಡೆದೇವು ಸಿಹಿ ತಂದು ಹಂಚುವವರು. ಆದರೆ ಗುಂಡು ತಪ್ಪಿದರೆ ತಪ್ಪು ಗಾಳಿಯದು, ಬಿಸಿಲಿನದು, ಗುಂಡಿನ ತೋಟೆಯದು. ಮಧ್ಯಾಹ್ನ ಹೆಂಡತಿಗೆ ಫೋನು ಮಾಡಿ ಹೇಳುತ್ತಿದ್ದುದು ನಮಗೆಲ್ಲ ಕೇಳಿಸುತ್ತಿತ್ತು. "ಎಂತ ಮಾಡದು? ಇಲ್ಲಿ ಗಾಳಿ ಇದ್ದು. ಗಾಳಿ ಇಲ್ದೇ ಹೋದ್ರೆ ಎಂಗಳ ರೈಫಲಿಗೆ ಸಾಟಿನೇ ಇಲ್ಲೆ!" ಒಂದು ದಿನ ಕುತೂಹಲಕ್ಕೆ ಏಳನೇ ನಂಬರಿನಲ್ಲೂ ಹೊಡೆದು ನೋಡಿದರು. ಗುಂಡುಗಳು ಹಲಗೆಯ ತುಂಬ ರಂಗೋಲಿ ಚುಕ್ಕಿ ಇಟ್ಟವು. "ಈರಪ್ಪನೋರೆ, ಇದಕ್ಕೆ ಕಟ್ಟು ಬಿದ್ದಿದೆ" ಎಂದು ಗಂಭೀರವಾಗಿ ಹೇಳಿದರು. ಅದೇ ರೈಫಲ್ಲಿನಲ್ಲಿ ಪದ್ಮಲತಾ ಹೊಡೆಯುವುದನ್ನು ತೋರಿಸಿದರೆ, "ಹೆಂಗಸರಿಗೆ ಕಟ್ಟು ತಾಗೋದಿಲ್ಲ" ಎಂದರು.

ಪಂದ್ಯದ ದಿನ ಬೆಳಿಗ್ಗೆ ಬಯಲಿನ ಅಂಚಿನಲ್ಲಿದ್ದ ಕಾವಲು ದೇವತೆ ಚೌಡಿಯ ಕಲ್ಲಿನ ಮುಂದೆ ಪೂಜೆ. ಯಾವ ಕೆಲಸಕ್ಕೂ ಮೊದಲು ಚೌಡಿಗೆ ಕಾಯಿ ಒಡೆಯದೆ ಇಲ್ಲಿ ಯಾರೂ ಹೆಜ್ಜೆ ಇಡುವುದಿಲ್ಲ. ಬೋಲ್ಟ್ ಕಳಚಿದ ರೈಫಲ್ಲುಗಳನ್ನು ಕಲ್ಲಿನ ಮುಂದೆ ಸಾಲಾಗಿ ಇಟ್ಟೆವು. ಪೂಜೆಗೆ ನಿಂತವರು ಭಟ್ಟರು. ನಾನು ಇನ್‌ಸ್ಪೆಕ್ಟರ್ ಸಾಹೇಬರ ಜೀಪು ಬಂದಿತೆಂದು ಅತ್ತ ಹೋದೆ. ವಾಪಸು ಬರುವಷ್ಟರಲ್ಲಿ ಎಲ್ಲ ರೈಫಲ್ಲಿಗೂ ಕುಂಕುಮ ಹತ್ತಿತ್ತು, ಪ್ರಸಾದ ಹಂಚಿಯಾಗಿತ್ತು.

ಈ ಸಾಹೇಬರ ಬಗ್ಗೆ ಒಂದು ಮಾತು. ಚಿಕ್ಕ ವಯಸ್ಸು, ಇಸ್ತ್ರಿ ಮುರಿಯದ ಬಟ್ಟೆ, ಯಾರು ಏನು ಹೇಳಿದರೂ "ತೋರಿಸಿ" ಎನ್ನುವ ಸ್ವಭಾವ. ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಬೈದವರು, ಹೊಗಳಿದವರು ಬಹಳ. ತೋರಿಸಿ ಎಂದವರು ಇವರೊಬ್ಬರೇ.

ಧರಣೇಂದ್ರಯ್ಯನವರೂ ಬಂದಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಕೊಡೆ. ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಟ್ಟೆವು. ಗುಂಡಿನ ಸದ್ದಾದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು.

ಪದ್ಮಲತಾ ಮಲಗಿದಳು. ಅದೇ ಭಂಗಿ, ಅದೇ ಉಸಿರು. ಹತ್ತು ಗುಂಡು ಮುಗಿಸಿ ಎದ್ದಾಗ ಅವಳ ಮುಖದಲ್ಲಿ ನೆಮ್ಮದಿ ಇತ್ತು. ಅಂಕ ಹೇಳಿದಾಗ ಅದು ಇಳಿದುಹೋಯಿತು. ಎಲ್ಲರಿಗಿಂತ ಕೊನೆಯ ಸ್ಥಾನ. ಭಟ್ಟರು ಮೊದಲನೆಯವರಾಗಿದ್ದರು. ಅಂದು ಗಾಳಿ ಇರಲಿಲ್ಲವಂತೆ.

ಅವಳು ಅಳಲಿಲ್ಲ. ಮೊಣಕೈಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಮಡಚತೊಡಗಿದಳು. ಓಡಿಹೋಗಿ ಅವಳ ಗುರಿಕಾಗದ ತರಿಸಿಕೊಂಡೆ. ಕಾಗದದ ಬಲ ಅಂಚಿನಲ್ಲಿ, ಅಂಕವೇ ಸಿಗದ ಜಾಗದಲ್ಲಿ, ಹತ್ತು ತೂತುಗಳು ಒಂದರ ಮೈಮೇಲೊಂದು ಬಿದ್ದಿದ್ದವು. ಜೇಬಿನಲ್ಲಿದ್ದ ಗೋಟಡಿಕೆ ಇಟ್ಟು ನೋಡಿದೆ. ಪೂರಾ ಮುಚ್ಚಿತು!

ಕೈ ತಪ್ಪಿದವರ ಗುಂಡು ಚೆಲ್ಲಾಪಿಲ್ಲಿಯಾಗುತ್ತದೆ. ಕೈ ಸರಿಯಿದ್ದು ರೈಫಲ್ಲಿನ ಕಣ್ಣು, ಅಂದರೆ ಸೈಟ್, ತಪ್ಪಿದ್ದರೆ ಮಾತ್ರ ಗುಂಡುಗಳು ಹೀಗೆ ಗುಂಪಾಗಿ ಬೇರೆ ಊರಿಗೆ ಹೋಗಿ ಕೂರುತ್ತವೆ. ಅಂಕದ ಲೆಕ್ಕದಲ್ಲಿ ಕೊನೆಯವಳು, ಗುಂಪಿನ ಲೆಕ್ಕದಲ್ಲಿ ಅವಳ ಹತ್ತಿರ ಸುಳಿಯುವವರು ಅಲ್ಲಿ ಇರಲಿಲ್ಲ.

ಸಾಹೇಬರ ಹತ್ತಿರ ಹೋಗಿ, "ಸರ್, ತಪ್ಪು ರೈಫಲ್ಲಿಂದು" ಎಂದೆ.

ಅವರು ನಕ್ಕರು. "ಈರಪ್ಪ, ಇಷ್ಟು ದಿನ ಎಲ್ಲರಿಗೂ ರೈಫಲ್ ಬೈಬೇಡಿ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ?"

"ಹೌದು ಸರ್. ಬದಲಾಯಿಸಿ ನೋಡದೆ ಬೈಬೇಡಿ ಅಂತ ಹೇಳಿದ್ದು."

"ಹಂಗಾದ್ರೆ ತೋರ್ಸಿ. ಸೈಟ್ ಮುಟ್ಟಬೇಡಿ. ಕೊಡಿ ಇಲ್ಲಿ ರೈಫಲ್."

ಆ ಇಸ್ತ್ರಿ ಬಟ್ಟೆಯಲ್ಲೇ ಅವರು ಕೆಂಪು ಮಣ್ಣಿಗೆ ಮಲಗಿಬಿಟ್ಟರು. ಸಾಹೇಬರು ಕೆಟ್ಟ ಗುರಿಕಾರರಲ್ಲ. ಐದು ಗುಂಡು ಹೊಡೆದರು. ಐದೂ ಬಲ ಅಂಚಿನ ಕಡೆಗೇ ಹೋಗಿದ್ದವು. ಎದ್ದು ಎದೆಯ ಮಣ್ಣು ಝಾಡಿಸಿಕೊಳ್ಳುತ್ತ, "ಇದು ನಿನ್ನೆ ಸರಿ ಇತ್ತಾ?" ಎಂದರು. ನಿನ್ನೆ ಸಂಜೆ ನಾನೇ ಪರೀಕ್ಷಿಸಿ ಇಟ್ಟಿದ್ದೆ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಸಣ್ಣ ಮುಳ್ಳು ಇರುತ್ತದೆ. ಅದು ಕೂದಲೆಳೆಯಷ್ಟು ಎಡಕ್ಕೆ ಸರಿದರೆ ಗುಂಡು ಅಷ್ಟು ದೂರದಲ್ಲಿ ಗೇಣುಗಟ್ಟಲೆ ಬಲಕ್ಕೆ ಹೋಗುತ್ತದೆ. ಕನ್ನಡಕ ಹಾಕಿಕೊಂಡು ನೋಡಿದೆ. ಮುಳ್ಳು ಎಡಕ್ಕೆ ಸರಿದಿತ್ತು. ಬಲಗಡೆ ಒಂದು ಹೊಸ ಗೀರು, ಗೀರಿನಲ್ಲಿ ಕಲ್ಲಿನ ಹುಡಿ, ಹುಡಿಯ ಮೇಲೆ ಕುಂಕುಮ.

ನಾನು ತಲೆ ಎತ್ತಿ ಭಟ್ಟರ ಕಡೆ ನೋಡಿದೆ. ಅವರು ಹೆಮ್ಮೆಯಿಂದಲೇ ಮುಂದೆ ಬಂದರು.

"ಅದಕ್ಕೆ ಕಟ್ಟು ಬಿಡಿಸಿದ್ದು ನಾನೇ! ಪೂಜೆ ಹೊತ್ತಿಗೆ ಚೌಡಿ ಕಲ್ಲಿಗೆ ಮೂತಿ ಮೂರು ಸಲ ಕುಟ್ಟಿ, ಬಿಟ್ಟು ಹೋಗು ಅಂತ ಹೇಳಿದ್ದೆ. ಪಾಪ, ಆ ಹುಡುಗಿಗೆ ಒಳ್ಳೆಯದಾಗ್ಲಿ ಅಂತ."

ತೀರ್ಥಹಳ್ಳಿಯವರೊಬ್ಬರು, "ಭಟ್ರೇ, ಬಿಟ್ಟು ಹೋದದ್ದು ಗುರಿ ಮಾರಾಯ್ರೆ!" ಎಂದದ್ದೇ ತಡ, ಬಯಲೆಲ್ಲ ನಗು. ಭಟ್ಟರು ಮಾತ್ರ ನಗಲಿಲ್ಲ. ವಿಷಯ ಅರ್ಥವಾದ ಮೇಲೆ ಅವರ ಮುಖ ಸಣ್ಣದಾಯಿತು. "ಅಯ್ಯೋ, ನಾ ಎಂತ ಮಾಡಿಬಿಟ್ಟೆ. ಇನ್ನೊಂದು ಸಲ ಹೊಡೆಸಿ ಸಾಹೇಬ್ರೇ, ನಂದೇನೂ ತಕರಾರಿಲ್ಲ" ಎಂದು ಅವರೇ ಮೊದಲು ಹೇಳಿದರು.

ಸಾಹೇಬರೂ ಒಪ್ಪಿದರು. ಒಪ್ಪದಿದ್ದವಳು ಪದ್ಮಲತಾ.

"ಬೇಡ ಸರ್. ಒಂದೇ ಸಲ ಅಂತ ಮಾವನಿಗೆ ಮಾತು ಕೊಟ್ಟಿದ್ದೀನಿ. ಸೋತದ್ದು ರೈಫಲ್ಲಿನಿಂದಾನೋ ನನ್ನಿಂದಾನೋ, ಒಂದು ಸಲ ಆಗಿಹೋತು."

ನನಗೆ ಸಿಟ್ಟು ಬಂತು. ಅಂಥ ಕೈ ಇಟ್ಟುಕೊಂಡು ಅಂಗಡಿಗೆ ವಾಪಸು ಹೋಗುತ್ತಾಳಲ್ಲ! ನೆಟ್ಟಗೆ ಮರದ ಬುಡಕ್ಕೆ ಹೋದೆ. ಧರಣೇಂದ್ರಯ್ಯ ಕೊಡೆ ಮಡಚಿ ಎದ್ದು ನಿಂತಿದ್ದರು, ಹೊರಡುವವರ ಹಾಗೆ. ಅಳತೆಯಲ್ಲಿ ಅವರು ಎಂಥವರು ಎಂದು ರಿಪ್ಪನ್‌ಪೇಟೆಗೆಲ್ಲ ಗೊತ್ತು. ಒಂದು ಬೆರಳು ಹೆಚ್ಚೇ ಹೋದೀತು, ಕಮ್ಮಿ ಹೋಗದು.

"ಅಯ್ಯನೋರೆ, ನಿಮ್ಮನ್ನ ಒಂದು ಮಾತು ಕೇಳ್ತೀನಿ. ಅಂಗಡೀಲಿ ಗಜಕಡ್ಡಿ ಬಾಗಿದೆ ಅಂತ ಇಟ್ಕೊಳ್ಳಿ. ಅದ್ರಲ್ಲಿ ಅಳೆದು ಬಟ್ಟೆ ಕೊಟ್ರಿ. ಆಮೇಲೆ ಗೊತ್ತಾತು. ಏನು ಮಾಡ್ತೀರಿ?"

"ಎಂತ ಮಾಡೋದು, ಸರಿ ಕಡ್ಡೀಲಿ ಮತ್ತೆ ಅಳೀಬೇಕು."

"ಒಂದು ಸಲ ಅಳೆದಾಯ್ತಲ್ಲ?"

"ಬಾಗಿದ ಕಡ್ಡೀಲಿ ಅಳೆದದ್ದು ಅಳತೆ ಅಲ್ಲ ಮಾರಾಯ್ರೆ" ಎಂದು ರೇಗಿದರು. ಹಾಗೆ ರೇಗಿದ ಮೇಲೆ ನನ್ನ ಮುಖ ನೋಡಿದರು, ನನ್ನ ಕೈಯಲ್ಲಿದ್ದ ರೈಫಲ್ ನೋಡಿದರು. ಕೊನೆಗೆ ಸೊಸೆಯನ್ನು ಕೂಗಿದರು.

"ಪದ್ಮಾ, ನಿಂದು ಇನ್ನೂ ಒಂದು ಸಲ ಆಗ್ಲಿಲ್ಲ ಮಗಾ. ಹೋಗಿ ಮಲಕ್ಕ."

ನಾನು ಹಿತ್ತಾಳೆಯ ಮೊಳೆ ಇಟ್ಟು ಸಣ್ಣ ಸುತ್ತಿಗೆಯಿಂದ ಮುಳ್ಳನ್ನು ಸ್ವಸ್ಥಾನಕ್ಕೆ ತಂದೆ. ಮೂರು ಗುಂಡು ಹೊಡೆದು ನೋಡಿ ಅವಳ ಕೈಗೆ ಕೊಟ್ಟೆ. ಈ ಸಲ ಧರಣೇಂದ್ರಯ್ಯ ಕಣ್ಣು ಮುಚ್ಚಲಿಲ್ಲ. ಹತ್ತನೇ ಗುಂಡು ಮುಗಿದ ಮೇಲೆ ಗುರಿ ನೋಡುವ ಪೇದೆ ಅಲ್ಲಿಂದಲೇ ಕೂಗಿದ: "ಸರ್, ಇಲ್ಲಿ ಒಂದೇ ತೂತು ಇದೆ!" ಒಂದೇ ತೂತಲ್ಲ, ಹತ್ತೂ ಸೇರಿ ಹರಿದ ಒಂದು ಕಿಂಡಿ, ನಡುವಿನ ಬೊಟ್ಟಿನಲ್ಲಿ. ನಾನು ಮರ್ಯಾದೆ ಬಿಟ್ಟು ಕುಣಿದೆ. ಸಾಹೇಬರೆದುರು ಕುಣಿದ ತರಬೇತುದಾರ ಬಹುಶಃ ನಾನೊಬ್ಬನೇ ಇರಬೇಕು. ಸಾಹೇಬರೂ ಚಪ್ಪಾಳೆ ತಟ್ಟುತ್ತಿದ್ದರು, ಆದ್ದರಿಂದ ಯಾರೂ ಏನೂ ಅನ್ನಲಿಲ್ಲ.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಉಸ್ತಾದರ ಶಿಷ್ಯ ನಾನು. ಪಂದ್ಯ ಮುಗಿದ ಮೇಲೆ ಭಟ್ಟರನ್ನು ಕೇಳಿದೆ, "ನಿಮ್ಮ ಜರ್ಮನ್ ರೈಫಲ್ ಅವಳ ಕೈಗೆ, ಏಳನೇ ನಂಬರು ನಿಮ್ಮ ಕೈಗೆ. ಒಂದು ಸಲ ನೋಡೋಣವಾ?" ಭಟ್ಟರು ಒಪ್ಪಿದರು. ಕಟ್ಟು ಬಿಟ್ಟ ಮೇಲೂ ಏಳನೇ ನಂಬರು ಭಟ್ಟರಿಗೆ ರಂಗೋಲಿಯನ್ನೇ ಹಾಕಿಕೊಟ್ಟಿತು. ಅವರ ಸ್ವಂತ ರೈಫಲ್ಲಿನಲ್ಲಿ ರಂಗೋಲಿ ಸ್ವಲ್ಪ ಚಿಕ್ಕದಾಗುತ್ತಿತ್ತು, ಅಷ್ಟೇ. ಪದ್ಮಲತಾ ಜರ್ಮನ್ ರೈಫಲ್ಲಿನಲ್ಲಿ ಹೊಡೆದದ್ದನ್ನು ಮುಚ್ಚಲು ಗೋಟಡಿಕೆ ಬೇಕಾಗಲಿಲ್ಲ, ಅಡಿಕೆಯ ಒಂದು ಹೋಳು ಸಾಕಾಯಿತು.

ಮದುವೆಮನೆಯಲ್ಲಿ ಕೇಳುವವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ, ಅವರು ಕೇಳುವಷ್ಟು ಹೊತ್ತು ಕೂರುವುದಿಲ್ಲ. ರೈಫಲ್ಲಿನಲ್ಲಿ ಒಳ್ಳೆಯದು ಕೆಟ್ಟದ್ದು ಖಂಡಿತ ಇದೆ. ಒಳ್ಳೆಯ ಕೈಗೆ ಒಳ್ಳೆಯ ರೈಫಲ್ ಸಿಕ್ಕರೆ ಒಳ್ಳೆಯದು ಇನ್ನೂ ಒಳ್ಳೆಯದಾಗುತ್ತದೆ. ಆದರೆ ಬರೀ ರೈಫಲ್ ಕೊಂಡರೆ ಕೈ ಬರುವುದಿಲ್ಲ. ಪಾತ್ರೆ ಬೆಳ್ಳಿಯದಾದರೆ ಸಾರಿಗೆ ರುಚಿ ಬರುತ್ತದೆಯೇ?

ಭಟ್ಟರು, ತಮ್ಮ ರೈಫಲ್ಲಿನಿಂದ ಪದ್ಮಲತಾ ಹೊಡೆದ ಆ ಕಾಗದವನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಶಾಲು ಸಮೇತ ರೈಫಲ್ಲನ್ನು ಪದ್ಮಲತಾಳ ಮುಂದೆ ಹಿಡಿದು, "ಬೆಂಗಳೂರಿಗೆ ಇದನ್ನೇ ತಗಂಡು ಹೋಗು ತಂಗಿ. ನನ್ನ ಹತ್ರ ಇದ್ದು ಇದು ಹಾಳಾಗ್ತಿತ್ತು" ಎಂದರು. ಅವರ ಕಣ್ಣಿನಲ್ಲಿ ನೀರಿತ್ತು. ನನ್ನ ಕಣ್ಣಿನಲ್ಲೂ ಇತ್ತು, ಮುಚ್ಚುಮರೆ ಏನಿಲ್ಲ. ಲೈಸೆನ್ಸ್ ಅವರ ಹೆಸರಿನಲ್ಲಿ ಇದ್ದುದರಿಂದ ರೈಫಲ್ಲಿನ ಜೊತೆಗೆ ಭಟ್ಟರೂ ಹೋಗಬೇಕಾಯಿತು. ತಾಳಗುಪ್ಪದಲ್ಲಿ ರೈಲು ಹತ್ತುವಾಗ ರೈಫಲ್ ಅವರ ತೊಡೆಯ ಮೇಲೆ, ತೊಡೆದೇವಿನ ಡಬ್ಬಿ ಪದ್ಮಲತಾಳ ತೊಡೆಯ ಮೇಲೆ. ಬೆಂಗಳೂರಿನಿಂದ ಅವಳು ಬೆಳ್ಳಿ ಪದಕ ತಂದಳು. ಅಲ್ಲಿನವರು ಕೇಳಿದಾಗ ಭಟ್ಟರು, "ರೈಫಲ್ ನಂದು, ಕೈ ಅವಳದ್ದು" ಎಂದು ಹೇಳಿದರಂತೆ. ಗಾಳಿಯ ಮಾತು ಎತ್ತಲಿಲ್ಲವಂತೆ.

ನಾನು ನಿವೃತ್ತನಾಗುವ ಮೊದಲು ಅದೇ ಬಯಲಿನಲ್ಲಿ ಇನ್ನೊಂದು ಶಿಬಿರ ನಡೆಯಿತು, ನನ್ನ ಕೊನೆಯದು. ಮೊದಲ ದಿನ ಪದ್ಮಲತಾ ನನಗೆ ಸಹಾಯಕ್ಕೆಂದು ಬಂದಳು. ಅವಳ ಹಿಂದೆ ಬಿಳಿ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಧರಣೇಂದ್ರಯ್ಯ! "ಕಾಗದಕ್ಕೆ ಜೀವ ಇಲ್ಲ ಅಂತ ಇವಳು ಹೇಳಿದ್ದು ಹೌದು ಅಂತ ಕಾಣ್ತದೆ. ನಂಗೂ ಒಂದು ಸಲ ಕಲ್ಸಿ" ಎಂದರು.

ಮಲಗಿಸಿದೆವು. ಸೊಸೆ ಪಕ್ಕದಲ್ಲಿ ಕೂತು ಮಾವನ ಮೊಣಕೈ ಸರಿಮಾಡಿದಳು, ಉಸಿರು ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಟ್ಟಳು. ಐದು ಗುಂಡು ಹೊಡೆದರು. ಕಾಗದದಲ್ಲಿ ಒಂದು ತೂತೂ ಇರಲಿಲ್ಲ. ಐದೂ ಎಲ್ಲಿಗೆ ಹೋದವೋ ಆ ಗುಡ್ಡದ ದರೆಗೇ ಗೊತ್ತು. ನಾನು ಅಭ್ಯಾಸಬಲದಿಂದ ಕಾಯುತ್ತ ನಿಂತೆ. ಇಷ್ಟು ವರ್ಷ ಕಲಿಸಿದ್ದೇನೆ, ಮೊದಲ ದಿನ ಮಲಗಿದವನು ಪೇದೆಯಾಗಲಿ, ಸಾಹೇಬನಾಗಲಿ, ಎದ್ದು ಆಡುವ ಮೊದಲ ಮಾತು ನನಗೆ ಬಾಯಿಪಾಠ.

ಧರಣೇಂದ್ರಯ್ಯ ನಿಧಾನವಾಗಿ ಎದ್ದು ಕೂತರು. ಪಂಚೆಯ ಮಣ್ಣು ಕೊಡವಿಕೊಂಡರು. ರೈಫಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಸೊಸೆಯ ಕೈಗೆ ಕೊಡುತ್ತ ಹೇಳಿದರು:

"ಇದ್ರದ್ದು ಎಂತೂ ತಪ್ಪಿಲ್ಲ ಮಗಾ. ಇನ್ನು ನಾನು ಸರಿಯಾಗ್ಬೇಕು."